ಹಳೆಯ ಸರ್ವರ್ ಅನ್ನು ಅದೇ ದಿನ ಸಾಗಹಾಕಬೇಡಿ

ಮಾನ್ಯ ಸಂಪಾದಕರೇ,

ಸಹಕಾರ ಸಂಘಗಳ ವಾರ್ಷಿಕ ಸರ್ವಸದಸ್ಯರ ಸಭೆಗಳ ಕಾಲ ಬಂತು. ನಗರದ ಪತ್ತಿನ ಸಂಘಗಳಲ್ಲಿ ವರದಿ ಪುಸ್ತಕ ಅಚ್ಚಿಗೆ ಹೋಗುತ್ತಿದೆ. ಅದರ ಕೊನೆಯ ಪುಟಗಳಲ್ಲಿ ಮುಂದಿನ ಸಾಲಿನ ಅಂದಾಜು ಆಯವ್ಯಯ ಇರುತ್ತದೆ, ಅದರೊಳಗೆ ‘ಗಣಕಯಂತ್ರ ಮತ್ತು ಸರ್ವರ್’ ಎಂಬ ಒಂದು ಬಾಬ್ತು. ಸದಸ್ಯರು ಡಿವಿಡೆಂಡ್ ಎಷ್ಟೆಂದು ನೋಡಿ ಪುಸ್ತಕ ಮಡಚಿಡುತ್ತಾರೆ. ಈ ವರ್ಷ ಆ ಬಾಬ್ತನ್ನೂ ಓದಿ, ಎದ್ದು ನಿಂತು ಎರಡು ಪ್ರಶ್ನೆ ಕೇಳಿ ಎಂದು ವಿನಂತಿಸಲು ಈ ಪತ್ರ ಬರೆಯುತ್ತಿದ್ದೇನೆ.

ಬಸವನಗುಡಿ, ಚಾಮರಾಜಪೇಟೆ, ಗಿರಿನಗರ, ಜಯನಗರದ ಸುತ್ತಿನ ಸಣ್ಣ ಸಂಘಗಳು, ಶಾಲೆಗಳು, ನರ್ಸಿಂಗ್ ಹೋಂಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕಸುಬು. ಇಪ್ಪತ್ತು, ಮೂವತ್ತು ಕಂಪ್ಯೂಟರ್ ಇರುವ ಜಾಗಗಳು. ಬಹುತೇಕ ಕಡೆ ಮೆಟ್ಟಿಲ ಕೆಳಗೋ ಕಡತಗಳ ಕೋಣೆಯ ಮೂಲೆಯಲ್ಲೋ ಒಂದೇ ಒಂದು ಸರ್ವರ್ ಇರುತ್ತದೆ. ಅದೇ ಡೊಮೇನ್ ಕಂಟ್ರೋಲರ್. ಹೆಸರು ಕೇಳದವರಿಗೆ ಹೇಳಬೇಕೆಂದರೆ, ಹಿಂದೆ ಊರಿಗೊಬ್ಬ ಶಾನುಭೋಗರು ಖಾತೆ ಕಿರ್ದಿಗಳನ್ನೆಲ್ಲ ಇಟ್ಟುಕೊಂಡಿದ್ದ ಹಾಗೆ, ಕಚೇರಿಯಲ್ಲಿ ಯಾರು ಯಾರು, ಯಾರ ಪಾಸ್‌ವರ್ಡ್ ಯಾವುದು, ಯಾವ ಫೋಲ್ಡರ್ ಯಾರು ತೆರೆಯಬಹುದು, ಯಾವ ಕಂಪ್ಯೂಟರ್ ನಮ್ಮದು ಎಂಬ ದಫ್ತರವೆಲ್ಲ ಅದರಲ್ಲಿದೆ. ಆ ದಫ್ತರಕ್ಕೆ ಸೇರಿದ ಸಿಬ್ಬಂದಿ, ಕಂಪ್ಯೂಟರ್‌ಗಳ ಇಡೀ ಬಳಗಕ್ಕೆ ಡೊಮೇನ್ ಎನ್ನುತ್ತಾರೆ. ಅದು ಮಲಗಿದರೆ ಒಳ್ಳೊಳ್ಳೆಯ ಕಂಪ್ಯೂಟರ್‌ಗಳೂ ಒಂದನ್ನೊಂದು ಗುರುತಿಸುವುದಿಲ್ಲ.

ಈ ಸರ್ವರ್ ಹಳತಾದಾಗ ಬದಲಾಯಿಸುವ ಕ್ರಮ ನಮ್ಮ ನಗರದಲ್ಲಿ ತೀರಾ ತಪ್ಪು ದಾರಿ ಹಿಡಿದಿದೆ. ‘ಹಳೇದು ಕೊಡಿ, ಹೊಸದು ತಗೊಳ್ಳಿ’ ಎನ್ನುವ ಎಕ್ಸ್‌ಚೇಂಜ್ ಕೊಟೇಶನ್. ಹೊಸ ಪೆಟ್ಟಿಗೆ ಇಳಿಸಿದ ಆಟೋದಲ್ಲೇ ಹಳೆಯದನ್ನು ಹೇರಿಕೊಂಡು ಹೋಗುತ್ತಾರೆ. ಬಿಲ್ಲಿನಲ್ಲಿ ಕೆಲವು ಸಾವಿರ ಕಡಿಮೆಯಾಯಿತೆಂದು ಆಡಳಿತ ಮಂಡಳಿಗೆ ಸಮಾಧಾನ. ಇದರಿಂದ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಹಳೆ ಬೆಂಗಳೂರಿನ ಒಂದು ಪತ್ತಿನ ಸಂಘ. ಹೆಸರು ಬೇಡ. ಅಲ್ಲಿದ್ದದ್ದು ವಿಂಡೋಸ್ ಸರ್ವರ್ 2008 ಆರ್2. ಮೈಕ್ರೋಸಾಫ್ಟ್ ಆ ಆವೃತ್ತಿಗೆ ಭದ್ರತಾ ಪ್ಯಾಚ್, ಅಂದರೆ ದೋಷ ಮುಚ್ಚುವ ತೇಪೆ, ಕೊಡುವುದನ್ನು 2020ರ ಜನವರಿ 14ಕ್ಕೇ ನಿಲ್ಲಿಸಿತ್ತು, ಆದ್ದರಿಂದ ಬದಲಾಯಿಸಬೇಕಾದದ್ದು ನ್ಯಾಯವೇ. ಶನಿವಾರ ಸಂಜೆ ಮಾರಾಟಗಾರರ ಕಡೆಯ ಹುಡುಗರು ಬಂದು ಹೊಸ ಸರ್ವರ್ ಇಟ್ಟರು. ಕಡತಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಂಡರು. ಹೊಸದರಲ್ಲಿ ಹಳೆಯ ಡೊಮೇನಿನ ಹೆಸರನ್ನೇ ಟೈಪ್ ಮಾಡಿ ಹೊಸ ಡೊಮೇನ್ ಹುಟ್ಟಿಸಿದರು, ಸಿಬ್ಬಂದಿಯ ಹೆಸರುಗಳನ್ನು ಒಂದೊಂದಾಗಿ ಮತ್ತೆ ಸೇರಿಸಿದರು. ಹಳೆಯದನ್ನು ಎತ್ತಿಕೊಂಡು ಹೋದರು.

ಸೋಮವಾರ ಬೆಳಿಗ್ಗೆ ಕೌಂಟರ್ ತೆರೆದಾಗ, ಈ ಕಂಪ್ಯೂಟರಿಗೂ ಡೊಮೇನಿಗೂ ಇದ್ದ ನಂಬಿಕೆಯ ಸಂಬಂಧ ಮುರಿದಿದೆ ಎಂಬ ಸಂದೇಶ ಎಲ್ಲ ಪರದೆಗಳ ಮೇಲೆ. ಡೊಮೇನಿಗೆ ಹೆಸರು ಮುಖ್ಯವಲ್ಲ. ಅದು ಹುಟ್ಟಿದಾಗ ಒಂದು ಉದ್ದನೆಯ ಗುರುತಿನ ಸಂಖ್ಯೆ ಹುಟ್ಟುತ್ತದೆ, ಎಸ್-1-5-21 ಎಂದು ಶುರುವಾಗುವಂಥದ್ದು. ಪ್ರತಿ ಸಿಬ್ಬಂದಿಯ, ಪ್ರತಿ ಕಂಪ್ಯೂಟರಿನ ಗುರುತು ಅದರ ಬಾಲಕ್ಕೆ ಸೇರಿಕೊಳ್ಳುತ್ತದೆ. ಫೋಲ್ಡರಿನ ಮೇಲಿನ ಅನುಮತಿಗಳು ಬರೆದಿರುವುದು ಈ ಸಂಖ್ಯೆಗೆ, ಹೆಸರಿಗಲ್ಲ. ಅದೇ ಹೆಸರಿನ ಹೊಸ ಡೊಮೇನಿಗೆ ಬೇರೆಯೇ ಸಂಖ್ಯೆ. ಹಳೆಯ ಕಂಪ್ಯೂಟರ್‌ಗಳ ಪಾಲಿಗೆ ಅದು ಯಾರೋ ಅಪರಿಚಿತ.

ಹುಡುಗರು ಮತ್ತೆ ಬಂದು ಒಂದೊಂದೇ ಕಂಪ್ಯೂಟರನ್ನು ಹೊಸ ಡೊಮೇನಿಗೆ ಸೇರಿಸಲು ಕೂತರು. ಸೇರಿಸಿದ ಪ್ರತಿ ಕಂಪ್ಯೂಟರಿನಲ್ಲೂ ಸಿಬ್ಬಂದಿ ಹೊಸಬರಾದರು. “ಮೇಡಂ, ನನ್ನ ಡೆಸ್ಕ್‌ಟಾಪ್ ಖಾಲಿ ಆಗ್ಬಿಟ್ಟಿದೆ, ಎಕ್ಸೆಲ್ ಎಲ್ಲಾ ಅದ್ರಲ್ಲೇ ಇತ್ತು” ಎಂದು ಪಿಗ್ಮಿ ವಿಭಾಗದ ಗುಮಾಸ್ತೆ ನನಗೆ ಫೋನ್ ಮಾಡಿದ್ದು ಆಗ. ಅಲ್ಲಿನ ವಾರ್ಷಿಕ ನಿರ್ವಹಣೆ ನನ್ನದಲ್ಲ, ಆಕೆ ಪರಿಚಯದವರು ಎಂದು ಹೋದೆ. ಚಿನ್ನಾಭರಣ ಸಾಲದ ತಂತ್ರಾಂಶ ವಿಂಡೋಸ್ ಲಾಗಿನ್ ನೋಡಿಯೇ ಬಾಗಿಲು ತೆರೆಯುವಂಥದ್ದು, ಅದೂ ಮುಚ್ಚಿಕೊಂಡಿತ್ತು. ಕೌಂಟರ್ ಎದುರಿನ ಬೆಂಚಿನಲ್ಲಿ ಗವಿಪುರದ ಹಿರಿಯ ಹೆಂಗಸೊಬ್ಬರು ಸೆರಗಿನ ಗಂಟಿನಲ್ಲಿ ದುಡ್ಡು ಕಟ್ಟಿಕೊಂಡು ಕೂತಿದ್ದರು. ಸಾಲ ತೀರಿಸಿ ನಾಲ್ಕು ಬಳೆ ಬಿಡಿಸಿಕೊಳ್ಳಬೇಕು, ಮೊಮ್ಮಗಳ ಮದುವೆ. ಬಳೆ ಅಲ್ಲೇ ತಿಜೋರಿಯಲ್ಲಿದೆ, ದುಡ್ಡು ಅವರ ಸೆರಗಿನಲ್ಲಿದೆ. ಬಡ್ಡಿ ಎಷ್ಟು ಎಂದು ಹೇಳುವ ಪರದೆ ಮಾತ್ರ ಇಲ್ಲ. ಕಾರ್ಯದರ್ಶಿಗಳು “ಅಮ್ಮಾ, ನಾಳೆ ಬನ್ನಿ” ಅಂದರು. “ನಿನ್ನೆನೂ ಬೀಗ, ಇವತ್ತೂ ಇಲ್ಲ, ನಾಳೆ ಚಪ್ಪರ ಕಣಪ್ಪಾ” ಅಂದರು ಅವರು. ಕಾರ್ಯದರ್ಶಿಗಳ ಬಳಿ ಉತ್ತರವಿರಲಿಲ್ಲ.

ಹಳೆಯ ಸರ್ವರ್ ಮಾರಾಟಗಾರರ ಗೋದಾಮಿನಲ್ಲಿ ಇನ್ನೂ ಹಾಗೆಯೇ ಇತ್ತು, ಡಿಸ್ಕ್ ಅಳಿಸಿರಲಿಲ್ಲ. ಅದೊಂದು ಭಾಗ್ಯ. ವಾಪಸ್ ತರಿಸಿ, ಇದ್ದ ಜಾಗದಲ್ಲೇ ಇಟ್ಟು ಚಾಲೂ ಮಾಡಿ, ಕಂಪ್ಯೂಟರ್‌ಗಳನ್ನು ಮತ್ತೆ ಹಳೆಯ ಡೊಮೇನಿಗೇ ಸೇರಿಸಿದೆವು. ಹಳೆಯ ಗುರುತು ಸಿಕ್ಕ ಕೂಡಲೇ ಪ್ರತಿಯೊಬ್ಬರ ಹಳೆಯ ಡೆಸ್ಕ್‌ಟಾಪ್ ತಾನಾಗಿ ಮರಳಿತು, ಕಡತಗಳು, ಐಕಾನ್‌ಗಳು, ಪರದೆಯ ಹಿಂದಿನ ಮಕ್ಕಳ ಫೋಟೋ ಸಮೇತ. ಗವಿಪುರದ ಅಮ್ಮನ ಬಳೆ ಚಪ್ಪರದ ದಿನ ಮನೆ ಸೇರಿತು. ಡಿಸ್ಕ್ ಅಳಿಸಿದ್ದರೆ ಇಷ್ಟು ಸುಲಭದಲ್ಲಿ ಮುಗಿಯುತ್ತಿರಲಿಲ್ಲ.

ಆಗಬೇಕಾದದ್ದು ಹೀಗೆ. ಹೊಸ ಸರ್ವರ್ ಬಂದು ಹಳೆಯದರ ಪಕ್ಕದಲ್ಲಿ ಕೂರಬೇಕು. ಹೊಸ ಡೊಮೇನ್ ಹುಟ್ಟಿಸುವಂತಿಲ್ಲ, ಇರುವ ಡೊಮೇನಿಗೇ ಇದು ಎರಡನೆಯ ಕಂಟ್ರೋಲರ್ ಆಗಿ ಸೇರಬೇಕು. ಸೇರಿದ ಮೇಲೆ ದಫ್ತರವೆಲ್ಲ ತಾನಾಗಿ ನಕಲಾಗುತ್ತದೆ. ಮೂವತ್ತು ಜನರ ಕಚೇರಿಯಲ್ಲಿ ಇದು ಕಾಫಿ ಕುಡಿದು ಬರುವಷ್ಟರ ಕೆಲಸ. ಆಮೇಲೆ ಹಳೆಯದರಲ್ಲಿ ಒಂದು ಹೆಸರು ಸೇರಿಸಿ ಹೊಸದರಲ್ಲಿ ಕಾಣುತ್ತದೆಯೇ ನೋಡಿ, ಹೊಸದರಲ್ಲಿ ಅಳಿಸಿ ಹಳೆಯದರಲ್ಲಿ ಹೋಯಿತೇ ನೋಡಿ. ಡಿಸಿ-ಡಯಾಗ್ ಮತ್ತು ರೆಪ್-ಅಡ್ಮಿನ್ ಎಂಬ ಎರಡು ಪರೀಕ್ಷಾ ಸಾಧನಗಳು ವಿಂಡೋಸ್ ಸರ್ವರ್ ಜೊತೆಗೇ ಬರುತ್ತವೆ, ದುಡ್ಡು ಕೊಡಬೇಕಿಲ್ಲ. ಅವುಗಳ ವರದಿಯನ್ನು ಮುದ್ರಿಸಿ ಕೊಡಿ ಎಂದು ಮಾರಾಟಗಾರರನ್ನು ಕೇಳುವ ಹಕ್ಕು ಕಾರ್ಯದರ್ಶಿಗಳಿಗಿದೆ. ಕೇಳಿದವರನ್ನು ನಾನು ಕಂಡಿಲ್ಲ.

ಇದಕ್ಕೂ ಮುಂಚೆ ಹಳೆಯದರ ಆರೋಗ್ಯ ನೋಡಬೇಕು. ರೋಗ ಇದ್ದರೆ ಅದೂ ನಕಲಾಗುತ್ತದೆ. 2003ರ ಕಾಲದಲ್ಲಿ ಹುಟ್ಟಿದ ಡೊಮೇನುಗಳಲ್ಲಿ ನೀತಿ ನಿಯಮಗಳ ಫೋಲ್ಡರನ್ನು ನಕಲು ಮಾಡುವ ಹಳೆಯ ವಿಧಾನವೇ ಇನ್ನೂ ಉಳಿದಿರುತ್ತದೆ, ಅದರ ಹೆಸರು ಎಫ್‌ಆರ್‌ಎಸ್. 2019 ಮತ್ತು ಅದರ ನಂತರದ ಸರ್ವರ್‌ಗಳು ಅಂಥ ಡೊಮೇನಿಗೆ ಕಂಟ್ರೋಲರ್ ಆಗಿ ಸೇರುವುದೇ ಇಲ್ಲ. ಮೊದಲು ಡಿಎಫ್‌ಎಸ್‌ಆರ್ ಎಂಬ ಹೊಸ ವಿಧಾನಕ್ಕೆ ದಾಟಿಸಬೇಕು. ಇದು ಗೊತ್ತಿಲ್ಲದವರು ‘ಸೇರ್ತಾ ಇಲ್ಲ ಸಾರ್, ಫ್ರೆಶ್ಶಾಗಿ ಹಾಕ್ಬಿಡೋಣ’ ಅನ್ನುತ್ತಾರೆ. ಮೇಲೆ ಹೇಳಿದ ಅನಾಹುತಕ್ಕೆ ಬಾಗಿಲು ತೆರೆಯುವುದು ಈ ಮಾತೇ. ಗಡಿಯಾರವೂ ಅಷ್ಟೇ ಮುಖ್ಯ. ಲಾಗಿನ್ ಪರಿಶೀಲಿಸುವ ಕರ್ಬೆರೋಸ್ ವ್ಯವಸ್ಥೆ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಸಹಿಸುವುದಿಲ್ಲ. ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ (ಎನ್‌ಐಸಿ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ (ಎನ್‌ಪಿಎಲ್) ಸಮಯಕ್ಕೆ ಹೊಂದಿಸಬೇಕೆಂದು 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ನಿರ್ದೇಶನವನ್ನೂ ಕೊಟ್ಟಿದೆ. ಸಣ್ಣ ಸಂಘಗಳಲ್ಲಿ ಒಳಗಿನ ಗಡಿಯಾರ ನಡೆಸುವ ಚಿಕ್ಕ ಸಿಮಾಸ್ ಬ್ಯಾಟರಿ ಸತ್ತು ಹಿಂದೆ ಬಿದ್ದ ಸರ್ವರ್ ಗಡಿಯಾರ ಇವತ್ತಿಗೂ ಸಿಗುತ್ತದೆ.

ನಕಲು ಸರಿಯಾದ ಮೇಲೆ ಹೊಣೆಗಳ ಹಸ್ತಾಂತರ. ಡೊಮೇನಿನಲ್ಲಿ ಎಲ್ಲ ಕಂಟ್ರೋಲರ್‌ಗಳೂ ಸಮಾನವಾದರೂ ಐದು ಹೊಣೆಗಳು ಒಂದೊಂದರ ಬಳಿ ಮಾತ್ರ ಇರುತ್ತವೆ: ಸ್ಕೀಮಾ, ಡೊಮೇನ್ ನೇಮಿಂಗ್, ಆರ್‌ಐಡಿ, ಇನ್‌ಫ್ರಾಸ್ಟ್ರಕ್ಚರ್ ಮತ್ತು ಪಿಡಿಸಿ ಎಮ್ಯುಲೇಟರ್. ಸಮಯ ಹೇಳುವುದು ಈ ಕೊನೆಯದರ ಕೆಲಸ. ಎರಡೂ ಸರ್ವರ್ ಜೀವಂತ ಇರುವಾಗ ಇವುಗಳನ್ನು ಕೈಯಿಂದ ಕೈಗೆ ದಾಟಿಸುವುದು ಕೆಲವೇ ನಿಮಿಷಗಳ ಮಾತು. ಹಳೆಯದು ಗೋದಾಮು ಸೇರಿದ ಮೇಲಾದರೆ ಕಿತ್ತುಕೊಳ್ಳಬೇಕು, ಆಮೇಲೆ ಹಳೆಯದರ ಗುರುತುಗಳನ್ನೆಲ್ಲ ಹುಡುಕಿ ಹುಡುಕಿ ಅಳಿಸಬೇಕು.

ಹೆಸರನ್ನು ವಿಳಾಸವಾಗಿ ತಿರುಗಿಸುವ ಡಿಎನ್‌ಎಸ್ ಕೂಡ ಈ ಸರ್ವರಿನಲ್ಲೇ ಇರುತ್ತದೆ. ಕಂಪ್ಯೂಟರ್‌ಗಳಿಗೆ ಎರಡೂ ಸರ್ವರ್‌ಗಳ ವಿಳಾಸ ಸಿಗುವಂತೆ, ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಎಂಬ ವ್ಯವಸ್ಥೆಯಲ್ಲಿ ಬರೆಯಬೇಕು. ಇದನ್ನು ಮರೆತರೆ ಎರಡನೆಯ ಕಂಟ್ರೋಲರ್ ಇದ್ದೂ ಇಲ್ಲದ ಹಾಗೆ. ಪಾಸ್‌ಬುಕ್ ಪ್ರಿಂಟರ್, ಬೆರಳಚ್ಚು ಹಾಜರಾತಿ ಯಂತ್ರ, ಸಿಸಿಟಿವಿ ರೆಕಾರ್ಡರ್ ಇವುಗಳಿಗೆ ಎಂದೋ ಯಾರೋ ಕೈಯಾರೆ ವಿಳಾಸ ಟೈಪ್ ಮಾಡಿಟ್ಟಿರುತ್ತಾರೆ, ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅವುಗಳನ್ನು ಹಿಡಿಯಲು ನಾನು ಕಂಡುಕೊಂಡ ಒಳ್ಳೆಯ ಉಪಾಯ ಒಂದೇ. ಹಳೆಯ ಸರ್ವರ್ ಅನ್ನು ಕೋಣೆಯಲ್ಲೇ ಇಟ್ಟು, ಕೆಲಸದ ದಿನ ಸುಮ್ಮನೆ ಆರಿಸಿಬಿಡುವುದು. ಯಾರು ಕೂಗಿದರು ನೋಡಿ, ಅವರ ಯಂತ್ರ ಸರಿಪಡಿಸುವುದು. ತಿಂಗಳ ಕೊನೆ, ಸಂಬಳದ ದಿನ ಎರಡನ್ನೂ ಒಮ್ಮೆ ಹೀಗೆ ದಾಟಿಸಿದ ಮೇಲೆ ಹಳೆಯದನ್ನು ಚಾಲೂ ಮಾಡಿ ಕ್ರಮಬದ್ಧವಾಗಿ ಅಧಿಕಾರದಿಂದ ಇಳಿಸಬೇಕು. ಹಾಗೆಂದು ವರ್ಷಗಟ್ಟಲೆ ಆರಿಸಿಟ್ಟು ಮತ್ತೆ ಹಚ್ಚುವ ಹಾಗೂ ಇಲ್ಲ. ಅಳಿಸಿದ ದಾಖಲೆಗಳ ನೆನಪನ್ನು ಡೊಮೇನ್ ಸಾಮಾನ್ಯವಾಗಿ 180 ದಿನ ಇಟ್ಟುಕೊಳ್ಳುತ್ತದೆ, ಬಹಳ ಹಳೆಯ ಡೊಮೇನುಗಳಲ್ಲಿ 60 ದಿನ ಮಾತ್ರ. ಅದು ದಾಟಿದರೆ ಕೆಲಸ ಬಿಟ್ಟುಹೋದವರ ಖಾತೆಗಳೂ ಮತ್ತೆ ಜೀವ ಪಡೆದುಕೊಳ್ಳಬಹುದು.

ಹಳೆಯದು ಹೋದ ಮೇಲೆ ಮತ್ತೆ ಒಂದೇ ಉಳಿಯಿತಲ್ಲ? ನಾನು ಇಷ್ಟು ಉದ್ದ ಬರೆಯುತ್ತಿರುವುದು ಇದಕ್ಕೇ. ಆಯವ್ಯಯದಲ್ಲಿ ಒಂದಲ್ಲ, ಎರಡು ಸರ್ವರ್ ಬರಬೇಕು. ‘ಬ್ಯಾಕಪ್ ಡೊಮೇನ್ ಕಂಟ್ರೋಲರ್’ ಎಂದು ಕೊಟೇಶನ್‌ನಲ್ಲಿ ಕಂಡ ಕೂಡಲೇ, ಸುಮ್ಮನೆ ಕೂತಿರುವ ಯಂತ್ರಕ್ಕೆ ಯಾಕೆ ಖರ್ಚು ಎಂದು ನಿರ್ದೇಶಕರು ಅದಕ್ಕೆ ಗೀಟು ಹಾಕುತ್ತಾರೆ. ‘ಬ್ಯಾಕಪ್’ ಎಂಬ ಆ ಹೆಸರು ಹಳೆಯ ಕಾಲದ್ದು. ವಿಂಡೋಸ್ ಎನ್‌ಟಿ ಎಂಬ ಹಳೆಯ ಆವೃತ್ತಿಯ ಕಾಲದಲ್ಲಿ ಬದಲಾವಣೆ ಬರೆದುಕೊಳ್ಳುತ್ತಿದ್ದುದು ಮುಖ್ಯ ಕಂಟ್ರೋಲರ್ ಮಾತ್ರ, ಬ್ಯಾಕಪ್ ಕಂಟ್ರೋಲರ್ ಬಳಿ ಓದುವ ಪ್ರತಿಯಷ್ಟೇ ಇರುತ್ತಿತ್ತು. ವಿಂಡೋಸ್ 2000ದ ಜೊತೆ ಆಕ್ಟಿವ್ ಡೈರೆಕ್ಟರಿ ಎಂಬ ಈಗಿನ ದಫ್ತರ ವ್ಯವಸ್ಥೆ ಬಂದ ಮೇಲೆ ಎರಡೂ ಬರೆದುಕೊಳ್ಳುತ್ತವೆ, ಎರಡೂ ದಿನವಿಡೀ ಲಾಗಿನ್ ನೋಡುತ್ತವೆ. ಒಂದಕ್ಕೆ ಪ್ಯಾಚ್ ಹಾಕಿ ರೀಸ್ಟಾರ್ಟ್ ಮಾಡುವಾಗ ಇನ್ನೊಂದು ಕೌಂಟರ್ ನಡೆಸುತ್ತದೆ. ಒಂದೇ ಇರುವ ಕಡೆ ರೀಸ್ಟಾರ್ಟಿಗೆ ಹೆದರಿ ಪ್ಯಾಚ್ ಹಾಕುವುದನ್ನೇ ಮುಂದೂಡುತ್ತಾರೆ. ಡೊಮೇನ್ ಕಂಟ್ರೋಲರನ್ನೇ ವಶಪಡಿಸಿಕೊಳ್ಳಲು ದಾರಿ ಮಾಡಿಕೊಡುತ್ತಿದ್ದ ಝೀರೋಲಾಗನ್ ದೋಷಕ್ಕೆ 2020ರ ಆಗಸ್ಟ್‌ನಲ್ಲೇ ಮದ್ದು ಬಂದಿತ್ತು. ಎಷ್ಟೋ ತಿಂಗಳ ಮೇಲೂ ಅದನ್ನು ಹಾಕದ ಸರ್ವರ್‌ಗಳನ್ನು ನೋಡಿದ್ದೇನೆ.

ಖರ್ಚಿನ ಭಯವೂ ಅರ್ಧ ತಪ್ಪು ತಿಳಿವಳಿಕೆಯೇ. ಮೂವತ್ತು ಜನರ ಕಚೇರಿಯ ಎರಡನೆಯ ಕಂಟ್ರೋಲರಿಗೆ ದೊಡ್ಡ ಯಂತ್ರ ಬೇಡ, 8 ಅಥವಾ 16 ಜಿಬಿ ಮೆಮೊರಿಯ ಚಿಕ್ಕ ಸರ್ವರ್ ಧಾರಾಳ ಸಾಕು. ಸರ್ವರಿನ ಪರವಾನಗಿ ಬೇರೆ ಕೊಳ್ಳಬೇಕು, ನಿಜ. ಆದರೆ ಸಿಬ್ಬಂದಿ ಒಬ್ಬೊಬ್ಬರಿಗೆ ಕೊಳ್ಳುವ ಕ್ಯಾಲ್ ಪರವಾನಗಿ ಅದೇ ಅಥವಾ ಹಳೆಯ ಆವೃತ್ತಿಯ ಎಲ್ಲ ಸರ್ವರ್‌ಗಳಿಗೂ ಸಲ್ಲುತ್ತದೆ. ಎರಡನೆಯ ಸರ್ವರಿಗೆಂದು ಅವನ್ನು ಮತ್ತೊಮ್ಮೆ ಬಿಲ್ ಮಾಡಿದ್ದರೆ ಪ್ರಶ್ನಿಸಿ. ವಿಂಡೋಸ್ ಪರವಾನಗಿಯೇ ಭಾರವೆನ್ನುವ ಶಾಲೆಗಳಿಗೆ ಲಿನಕ್ಸ್ ಮೇಲೆ ನಡೆಯುವ ಸಾಂಬಾ ಎಂಬ ತಂತ್ರಾಂಶ ಇದೆ. 2012ರ ಡಿಸೆಂಬರ್‌ನಲ್ಲಿ ಬಂದ ನಾಲ್ಕನೆಯ ಆವೃತ್ತಿಯಿಂದ ಅದು ಆಕ್ಟಿವ್ ಡೈರೆಕ್ಟರಿಯ ಡೊಮೇನ್ ಕಂಟ್ರೋಲರ್ ಆಗಬಲ್ಲದು, ಉಚಿತ. ಅದನ್ನು ಬಲ್ಲವರು ಜೊತೆಗಿರಬೇಕು ಅಷ್ಟೆ.

ಎರಡನ್ನೂ ಒಂದೇ ಯುಪಿಎಸ್‌ಗೆ ಸಿಕ್ಕಿಸಿ ಒಂದೇ ಮೂಲೆಯಲ್ಲಿಟ್ಟರೆ ಹೆಚ್ಚು ಉಪಯೋಗವಿಲ್ಲ. ಒಂದೇ ಯಂತ್ರದೊಳಗೆ ಎರಡು ವರ್ಚುವಲ್ ಸರ್ವರ್ ಮಾಡಿ ‘ಎರಡಿದೆ ಸಾರ್’ ಎನ್ನುವುದೂ ಹಾಗೆಯೇ. ಯಂತ್ರ ಸುಟ್ಟರೆ ಎರಡೂ ಹೋದವು. ನಮ್ಮಲ್ಲಿ ಕರೆಂಟ್ ಹೋಗಿ ಬರುವಾಗಿನ ಹೊಡೆತ ಎಂಥದ್ದೆಂದು ಎಲ್ಲರಿಗೂ ಗೊತ್ತು. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಹೊರವರ್ತುಲ ರಸ್ತೆ ಸುತ್ತ ನೆಲಮಾಳಿಗೆಗಳೆಲ್ಲ ತುಂಬಿದ್ದನ್ನು ಟಿವಿಯಲ್ಲಿ ನೋಡಿದ್ದೇವೆ. ಒಂದು ಕೆಳಗಿದ್ದರೆ ಇನ್ನೊಂದು ಮಹಡಿಯ ಮೇಲಿರಲಿ, ಶಾಖೆಯಿದ್ದರೆ ಶಾಖೆಯಲ್ಲಿರಲಿ. ಕ್ಲೌಡ್‌ಗೆ ಹೋದರೆ ಈ ತಲೆನೋವೇ ಇಲ್ಲ ಎನ್ನುವವರಿದ್ದಾರೆ. ಕೆಲವರಿಗೆ ಅದು ಸರಿಹೊಂದಬಹುದು. ರಸ್ತೆ ಅಗೆದಾಗಲೆಲ್ಲ ಫೈಬರ್ ಕಡಿದು ಅರ್ಧ ದಿನ ಇಂಟರ್‌ನೆಟ್ ಇಲ್ಲದ ಬೀದಿಗಳಲ್ಲಿ ನಾನು ಕೆಲಸ ಮಾಡುತ್ತೇನೆ, ಅಲ್ಲಿ ಲಾಗಿನ್ ಕಚೇರಿಯೊಳಗೇ ನಡೆಯಬೇಕು.

ಎರಡು ಇದ್ದರೂ ಬ್ಯಾಕಪ್ ಬೇರೆಯೇ ಬೇಕು. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ವೈರಸ್ ಹಡಗು ಸಾಗಾಟದ ಮೇರ್ಸ್ಕ್ ಕಂಪನಿಯನ್ನು ಹೊಡೆದಾಗ ಜಗತ್ತಿನಾದ್ಯಂತ ಇದ್ದ ಸುಮಾರು 150 ಡೊಮೇನ್ ಕಂಟ್ರೋಲರ್‌ಗಳು ಒಟ್ಟಿಗೇ ಅಳಿಸಿಹೋದವು. ಒಂದಕ್ಕೊಂದು ನಕಲಿದೆಯಲ್ಲ ಎಂಬ ಧೈರ್ಯದಲ್ಲಿದ್ದವರಿಗೆ ಉಳಿದದ್ದು ಘಾನಾ ದೇಶದ ಕಚೇರಿಯ ಒಂದೇ ಒಂದು. ಅಲ್ಲಿ ಆ ಹೊತ್ತಿಗೆ ಕರೆಂಟ್ ಹೋಗಿ ಅದು ಜಾಲದಿಂದ ಹೊರಗಿತ್ತು. ಅದರ ಡಿಸ್ಕನ್ನು ಕೈಯಲ್ಲಿ ಹಿಡಿದು ಇಂಗ್ಲೆಂಡಿಗೆ ಸಾಗಿಸಿ, ಅದರಿಂದ ಎಲ್ಲವನ್ನೂ ಮತ್ತೆ ಕಟ್ಟಿದರು. ನಮ್ಮ ಸಂಘಗಳು ಕರೆಂಟ್ ಕಡಿತವನ್ನು ನಂಬಿ ಕೂರಬೇಕಿಲ್ಲ. ವಾರಕ್ಕೊಮ್ಮೆ ದಫ್ತರವೂ ಸೇರಿರುವ ಸಿಸ್ಟಂ ಸ್ಟೇಟ್ ಬ್ಯಾಕಪ್ ತೆಗೆದು, ಆ ಡಿಸ್ಕನ್ನು ಕೇಬಲ್ ಕಿತ್ತು ತಿಜೋರಿಯಲ್ಲಿಟ್ಟರೆ ಆಯಿತು. ಅದನ್ನು ಮರಳಿ ಹಾಕಲು ಬೇಕಾದ ಡಿಎಸ್‌ಆರ್‌ಎಂ ಪಾಸ್‌ವರ್ಡ್ ಲಕೋಟೆಯಲ್ಲಿ ಅದರ ಪಕ್ಕದಲ್ಲೇ ಇರಲಿ. ಸ್ಥಾಪಿಸಿದ ದಿನ ಟೈಪ್ ಮಾಡಿ ಎಲ್ಲರೂ ಮರೆಯುವ ಪಾಸ್‌ವರ್ಡ್ ಅದು.

ಎಕ್ಸ್‌ಚೇಂಜ್ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಆಟೋದಲ್ಲಿ ಹೋಗುವ ಹಳೆಯ ಸರ್ವರಿನ ಡಿಸ್ಕಿನೊಳಗೆ ಎಲ್ಲ ಸಿಬ್ಬಂದಿಯ ಪಾಸ್‌ವರ್ಡ್‌ಗಳ ಗೂಢರೂಪ ಇದೆ, ಸದಸ್ಯರ ಆಧಾರ್, ಪ್ಯಾನ್ ಪ್ರತಿಗಳ ಸ್ಕ್ಯಾನ್ ಇದೆ, ಆಭರಣ ಸಾಲದ ಅರ್ಜಿಗಳಿವೆ. ಯಾರ ಮನೆಯಲ್ಲಿ ಎಷ್ಟು ಚಿನ್ನ ಇದೆ ಎಂಬ ಪಟ್ಟಿ ಅದು. ಪೆಟ್ಟಿಗೆ ಬೇಕಾದರೆ ಕೊಡಿ, ಡಿಸ್ಕ್ ಬಿಚ್ಚಿ ಸಂಘದಲ್ಲೇ ಇಟ್ಟುಕೊಳ್ಳಿ. ಇಟ್ಟುಕೊಳ್ಳಬೇಕಾದ ಕಾಲ ಮುಗಿದ ಮೇಲೆ ನಾಶಪಡಿಸಿ, ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆದಾರರಿಗೆ ಕೊಟ್ಟು ರಸೀದಿ ಪಡೆಯಿರಿ. ಹೊಸ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದಲೇ ಜಾರಿಯಲ್ಲಿವೆ.

ಅವಸರವೂ ಇದೆ. 2012 ಮತ್ತು 2012 ಆರ್2 ಸರ್ವರ್‌ಗಳ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿಯಿತು. 2016ರ ಆವೃತ್ತಿಗೆ 2027ರ ಜನವರಿ 12 ಕೊನೆಯ ದಿನ. ನಾನು ಹೋಗುವ ಸಂಘಗಳಲ್ಲೂ ಶಾಲೆಗಳಲ್ಲೂ ಹೆಚ್ಚಾಗಿ ಸಿಗುವುದು ಈ ಮೂರೇ. ಈ ಸಭೆಗಳಲ್ಲಿ ಹಣ ಒದಗಿಸದಿದ್ದರೆ ಕೊನೆಗಳಿಗೆಯಲ್ಲಿ ಅದೇ ಎಕ್ಸ್‌ಚೇಂಜ್ ಕೊಟೇಶನ್ನಿಗೆ ಸಹಿ ಬೀಳುತ್ತದೆ.

ಆದ್ದರಿಂದ ಸದಸ್ಯರು ಸಭೆಯಲ್ಲಿ ಕೇಳಬೇಕಾದದ್ದು: ನಮ್ಮಲ್ಲಿ ಎರಡನೆಯ ಡೊಮೇನ್ ಕಂಟ್ರೋಲರ್ ಇದೆಯೇ, ಮೊದಲನೆಯದನ್ನು ಆರಿಸಿ ಕೌಂಟರ್ ನಡೆಸಿ ನೋಡಿದ್ದೀರಾ? ಸಹಕಾರ ಇಲಾಖೆಯ ಲೆಕ್ಕಪರಿಶೋಧಕರೂ ಇದೇ ಪ್ರಶ್ನೆಗಳನ್ನು ತಮ್ಮ ತಪಾಸಣಾ ಪಟ್ಟಿಗೆ ಸೇರಿಸಿಕೊಂಡರೆ ದೊಡ್ಡ ಉಪಕಾರ. ತಿಜೋರಿಯ ಕೀಲಿ ಯಾರ ಬಳಿ ಎಂದು ಅವರು ಕೇಳುತ್ತಾರೆ, ತಿಜೋರಿಯ ಲೆಕ್ಕ ಯಾವ ಯಂತ್ರದಲ್ಲಿ ಎಂದೂ ಕೇಳಲಿ. ಸರ್ವರ್ ಖರೀದಿಯ ಕರಾರಿನಲ್ಲಿ ಒಂದು ಷರತ್ತು ಬರೆಸಿಕೊಳ್ಳುವಂತೆ ಕಾರ್ಯದರ್ಶಿಗಳಲ್ಲಿ ನನ್ನ ಕೋರಿಕೆ: ಹೊಸದು ಬಂದ ಮೇಲೆ ಕನಿಷ್ಠ ಒಂದು ಸಂಬಳದ ದಿನ ಕಳೆಯುವವರೆಗೆ ಹಳೆಯ ಸರ್ವರ್ ಕೋಣೆ ಬಿಟ್ಟು ಕದಲಕೂಡದು, ಕೊನೆಯ ಕಂತಿನ ಹಣವೂ ಅಲ್ಲಿಯವರೆಗೆ ಬಿಡುಗಡೆಯಾಗಕೂಡದು.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ಸಣ್ಣ ಕಚೇರಿಗಳ ಕಂಪ್ಯೂಟರ್ ನಿರ್ವಾಹಕಿ,
ಹನುಮಂತನಗರ, ಬೆಂಗಳೂರು